ದೊಡ್ಡವರಿಗೂ ಒಂದು ಪಾಠಶಾಲೆ

ನಮ್ಮ ಶಾಲೆಯ ಮಕ್ಕಳಿಗೆ ಚರಿತ್ರೆಯ ಪಾಠವಿದೆ, ಪರೀಕ್ಷೆಯಿದೆ, ಅಂಕಗಳಿವೆ. ಅವರ ಅಪ್ಪ ಅಮ್ಮಂದಿರಿಗೆ? ಅಜ್ಜ ಅಜ್ಜಿಯರಿಗೆ? ಡಿ. ಹಿರೇಹಾಳ್ ಸುತ್ತಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಸರ್ಕಾರದಿಂದ ಬರುವ ಕಾಗದ ತೆಲುಗು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ; ತೆಲುಗು ಓದುತ್ತಾರೆ, ಆದರೆ ಗುಡಿಯ ಮುಂದಿನ ಹಳೆಯ ಕಲ್ಲಿನ ಮೇಲಿರುವುದು ಕನ್ನಡ. ಹೀಗೆ ಎರಡೂ ಕಡೆಯಿಂದ ಚರಿತ್ರೆ ಅವರ ಕೈಗೆ ಸಿಗದೆ ಉಳಿದಿದೆ.

ಹಿಂದೆ ಹೀಗಿರಲಿಲ್ಲ. ಶ್ರಾವಣ ಬಂತೆಂದರೆ ಗುಡಿಯ ಕಟ್ಟೆಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ಕನ್ನಡ ನಾಡಿನ ಹಳ್ಳಿಹಳ್ಳಿಗಳ ಪದ್ಧತಿ. ಬಳ್ಳಾರಿ ಸೀಮೆಯ ಬಯಲಾಟದಲ್ಲಿ ಅಕ್ಷರ ಬಾರದ ರೈತರೂ ತಿಂಗಳುಗಟ್ಟಲೆ ತಾಲೀಮು ಮಾಡಿ ಉದ್ದುದ್ದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅದು ವಯಸ್ಕರ ಶಿಕ್ಷಣವಲ್ಲದೆ ಮತ್ತೇನು?

ಇದನ್ನೇ ಹೊಸ ಕಾಲಕ್ಕೆ ಹೊಂದಿಸುವ ಪ್ರಯತ್ನಗಳೂ ನಡೆದವು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ನಡೆಸಿತು. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಸಾಹಿತ್ಯ, ಚರಿತ್ರೆ, ವಿಜ್ಞಾನ ಹೇಳಿದರು. ಆ ಉಪನ್ಯಾಸಗಳೇ ಕಡಿಮೆ ಬೆಲೆಯ ಕಿರುಹೊತ್ತಿಗೆಗಳಾದವು. 1940ರ ದಶಕದಲ್ಲಿ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ತಂದಿತು. ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆಯಿತು. ಅದಕ್ಕೆ ಮಾದರಿ ದೂರದ ಡೆನ್ಮಾರ್ಕ್. ಅಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಿಂದ 1844ರಲ್ಲಿ ಮೊದಲ ಜನತಾ ಪ್ರೌಢಶಾಲೆ ಆರಂಭವಾಗಿತ್ತು. ರೈತರ ಮಕ್ಕಳು ಬಿಡುವಿನ ಕಾಲದಲ್ಲಿ ಅಲ್ಲಿಗೆ ಬಂದು ತಮ್ಮ ನಾಡಿನ ಚರಿತ್ರೆ ಕೇಳಿ, ಹಾಡು ಕಲಿತು ಹೋಗುತ್ತಿದ್ದರು. ಪರೀಕ್ಷೆಯ ಗೊಡವೆಯಿಲ್ಲ!

ಇವೆಲ್ಲ ಮುಖ್ಯವಾಗಿ ಮೈಸೂರು ಸಂಸ್ಥಾನದ ಮಾತು. ನಾವು ಆಗ ಆ ಗಡಿಯ ಹೊರಗಿದ್ದೆವು. 1800ರಲ್ಲಿ ನಿಜಾಮನಿಂದ ಕಂಪನಿಗೆ ಹೋದ ಈ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1882ರಲ್ಲಿ ಬಳ್ಳಾರಿಯಿಂದ ಒಡೆದು ಅನಂತಪುರ ಜಿಲ್ಲೆಯಾದಾಗಲೂ ರಾಯದುರ್ಗ ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ, ರಾಯದುರ್ಗ ಅನಂತಪುರಕ್ಕೆ ಹೋದವು. ನೆಂಟಸ್ತನ ಅಲ್ಲಿ, ಪಹಣಿ ಇಲ್ಲಿ!

ಆದರೆ ಕಲ್ಲುಗಳು ಎಲ್ಲಿಗೂ ಹೋಗಲಿಲ್ಲ. ಮಡಕಶಿರದ ಕಡೆಯ ಹೇಮಾವತಿ (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ) ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಚೋಳರು ಒಯ್ದ ನೊಳಂಬ ಶೈಲಿಯ ಕಂಬಗಳನ್ನು ಇಂದಿಗೂ ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲಿ ನೋಡಬಹುದು. ನಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆ ತಾಯಿಗಳ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯ ನುಡಿಯಿರಿ ಎನ್ನುತ್ತದೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿ, ‘ದಕ್ಷಿಣ ಭಾರತ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗವಾಗಿ 1939ರಲ್ಲಿ ಅಚ್ಚಾಗಿವೆ. ನಮ್ಮ ಸೀಮೆಯ ಚರಿತ್ರೆಗೆ ಅದೊಂದು ಗಣಿ. ಅದನ್ನು ಬಿಡಿಸಿ ಊರಿನವರ ಮುಂದೆ ಓದುವವರು ಬೇಕು, ಅಷ್ಟೆ.

ಒಮ್ಮೆ ಸಂಜೆ ಕೆಲವು ಹಿರಿಯರ ಮುಂದೆ ನಾವು ಕೆರೆಯ ದತ್ತಿಯ ಶಾಸನವೊಂದನ್ನು ಓದಿದೆವು. ತೂಬು, ಕೋಡಿ, ಕೊಳಗ ಎಂಬ ಮಾತು ಬಂದಾಗ ಅರ್ಥ ಹೇಳಲು ನಾವು ನಿಘಂಟು ನೋಡಿಕೊಂಡು ಹೋಗಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ. ತೂಬಿನ ಬಾಯಿ ಹೇಗೆ ಮುಚ್ಚುತ್ತಿದ್ದರು, ಕೊಳಗಕ್ಕೆ ಎಷ್ಟು ಸೇರು ಎಂಬುದನ್ನು ಅಕ್ಷರವೇ ಬಾರದ ಅಜ್ಜನೊಬ್ಬ ನಮಗೆ ಪಾಠ ಮಾಡಿದ. ಕೊನೆಗೆ, ‘ಇದನ್ನ ಇಷ್ಟು ದಿನ ಯಾಕೆ ನಮಗೆ ಓದಿ ಹೇಳಲಿಲ್ಲ, ಮೇಷ್ಟ್ರೇ?’ ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಮಗೆ ಅನಿಸಿರುವುದು ಇಷ್ಟೇ. ಲಿಪಿ ನಮಗೆ ಗೊತ್ತು, ಬದುಕು ಅವರಿಗೆ ಗೊತ್ತು. ಇಬ್ಬರೂ ಸೇರದೆ ಶಾಸನ ಪೂರ್ತಿ ಓದಿದಂತಾಗದು. ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಸುಗ್ಗಿ ಮುಗಿದ ಮೇಲಿನ ಒಂದು ದಿನ, ಒಂದು ಕಲ್ಲು, ಒಬ್ಬ ಓದುಗ, ಮಧ್ಯಾಹ್ನಕ್ಕೆ ಬುತ್ತಿ. ಬೆಳಿಗ್ಗೆ ಕಲ್ಲಿನ ಮುಂದೆ ಕೂತು ಓದುವುದು, ಊಟವಾದ ಮೇಲೆ ಹಿರಿಯರು ಹೇಳಿದ್ದನ್ನು ಬರೆದುಕೊಳ್ಳುವುದು. ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಬಳಿಯದಿದ್ದರೆ ಸಾಕು. ಅದು ಇನ್ನೂ ಸಾವಿರ ವರ್ಷ ಕಾಯಬಲ್ಲದು. ಆದರೆ ಕೊಳಗದ ಲೆಕ್ಕ ಬಲ್ಲ ಅಜ್ಜ ಕಾಯಲಾರ. ಗಡಿನಾಡಿನ ಮೇಷ್ಟ್ರುಗಳೇ, ನಿಮ್ಮ ಊರಿನ ಕಲ್ಲು ಯಾವುದು? ಈ ಬೇಸಿಗೆಯಲ್ಲೇ ಒಂದು ದಿನ ಗೊತ್ತುಮಾಡಿ.