ಇನ್‌ಫಿಸಾಲ್ ಆಯಿತು, ವ್ಯಾಜ್ಯ ಫೈಸಲಾಗಲಿಲ್ಲ

ಒಂದು ದೇಶ ತಾನು ಸೇರಿಕೊಂಡ ಒಕ್ಕೂಟದಿಂದ ಹೊರಬಂದರೆ ಅದಕ್ಕೆ ಲಾಭವೋ ನಷ್ಟವೋ? 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಮತ ಹಾಕಿದವರ ಪೈಕಿ ಶೇ. 51.9 ಮಂದಿ ಯುರೋಪಿಯನ್ ಒಕ್ಕೂಟವನ್ನು ಬಿಡೋಣ ಎಂದರು. 2020ರ ಜನವರಿ 31ರಂದು ಬ್ರಿಟನ್ ಹೊರಬಂದೂ ಆಯಿತು. ಅಂದಿನಿಂದ ಈ ಪ್ರಶ್ನೆ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದೆ. ಚರ್ಚೆಯ ಬಹುಭಾಗ ಖಾತೆ ಪುಸ್ತಕಕ್ಕೆ ಸೇರಿದ್ದು: ರಫ್ತು ಎಷ್ಟು ಇಳಿಯಿತು, ಸುಂಕ ಎಷ್ಟು ಏರಿತು, ಬಂಡವಾಳ ಎಲ್ಲಿಗೆ ಹೋಯಿತು. ಲೆಕ್ಕ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅರವತ್ತು ವರ್ಷಗಳ ಹಿಂದೆ ಅರಬ್ ಜಗತ್ತಿನ ಒಂದು ದೇಶ ಹೀಗೆಯೇ ಒಂದು ಒಕ್ಕೂಟವನ್ನು ಬಿಟ್ಟು ಹೊರಬಂತು. ಅದರ ಚರಿತ್ರೆಯನ್ನು ಓದಿದಾಗ, ಈ ಖಾತೆ ಪುಸ್ತಕದಲ್ಲಿ ಒಂದು ಮುಖ್ಯವಾದ ಕಲಮನ್ನು ನಾವು ಬರೆಯುವುದೇ ಇಲ್ಲ ಎಂದು ತೋರುತ್ತದೆ.

ಆ ದೇಶ ಸಿರಿಯಾ. ಆ ಒಕ್ಕೂಟ ಈಜಿಪ್ಟಿನೊಡನೆ ಅದು ಕಟ್ಟಿಕೊಂಡ ಸಂಯುಕ್ತ ಅರಬ್ ಗಣರಾಜ್ಯ. 1958ರ ಫೆಬ್ರವರಿಯಲ್ಲಿ ಹುಟ್ಟಿ, 1961ರ ಸೆಪ್ಟೆಂಬರಿನಲ್ಲಿ ಮುರಿದುಬಿದ್ದ ಈ ಸಂಸಾರದ ಆಯುಷ್ಯ ಮೂರೂವರೆ ವರ್ಷ.

ಅರಬರು ಆ ಕೂಡುವಿಕೆಯನ್ನು 'ವಹ್ದಾ' ಎಂದೂ ಅಗಲಿಕೆಯನ್ನು 'ಇನ್‌ಫಿಸಾಲ್' ಎಂದೂ ಕರೆಯುತ್ತಾರೆ. ಎರಡನೆಯ ಪದದ ಬಂಧುಗಳು ಕನ್ನಡದಲ್ಲೂ ಇದ್ದಾರೆ. ಕೋರ್ಟು ಕಚೇರಿಗಳಲ್ಲಿ ನಾವು ದಿನವೂ ಕೇಳುವ 'ಫೈಸಲು' ಇದೇ ಅರಬ್ಬಿ ಧಾತುವಿನಿಂದ ಬಂದದ್ದು. ಹೊಲದಲ್ಲಿ ನಿಂತ 'ಫಸಲು' ಕೂಡ ಅಲ್ಲಿಂದಲೇ ಬಂದದ್ದು. ಬೇರ್ಪಡುವುದು, ತೀರ್ಪಾಗುವುದು, ಬೆಳೆ ಕೈಗೆ ಬರುವುದು, ಈ ಮೂರೂ ಒಂದೇ ಬೇರಿನವು. ಸಿರಿಯಾದ ಕಥೆಯಲ್ಲಿ ಮೊದಲನೆಯದು ನಡೆಯಿತು. ಉಳಿದೆರಡು ಏನಾದವು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಕೂಡಿದ್ದು ಹೇಗೆಂದು ನೋಡೋಣ. 1946ರಲ್ಲಿ ಫ್ರೆಂಚ್ ಸೇನೆ ಸಿರಿಯಾದಿಂದ ಕಾಲ್ತೆಗೆಯಿತು. ಮೂರೇ ವರ್ಷಗಳಲ್ಲಿ, 1949ರಲ್ಲಿ, ಆ ದೇಶ ಒಂದೇ ವರ್ಷದೊಳಗೆ ಮೂರು ಸೇನಾಕ್ರಾಂತಿಗಳನ್ನು ಕಂಡಿತು. ಆದರೂ 1954ರಲ್ಲಿ ಸೇನಾಧಿಪತಿ ಶಿಶಕ್ಲಿ ಪದಚ್ಯುತನಾದ ಮೇಲೆ ಸಾಕಷ್ಟು ಮುಕ್ತವಾದ ಚುನಾವಣೆ ನಡೆಯಿತು. ಸಂಸತ್ತಿನಲ್ಲಿ ಜಮೀನ್ದಾರರೂ ವರ್ತಕರೂ ಬಾಥ್ ಪಕ್ಷದವರೂ ಒಬ್ಬ ಕಮ್ಯುನಿಸ್ಟರೂ ಎದುರುಬದುರಾಗಿ ಕುಳಿತರು. ಪತ್ರಿಕೆಗಳು ಹೆಚ್ಚಿದ್ದವು, ಜಗಳಗಳೂ ಹೆಚ್ಚಿದ್ದವು. 1957ರಲ್ಲಿ ಗಡಿಯಲ್ಲಿ ತುರ್ಕಿ ಸೇನೆ ಜಮಾಯಿಸಿತು. ಅಮೆರಿಕದ ಒಳಸಂಚಿನ ಆರೋಪ ಬಂತು. ಒಳಗೂ ಹೊರಗೂ ಭಯ ತುಂಬಿತ್ತು.

ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿ ಬ್ರಿಟನ್, ಫ್ರಾನ್ಸ್, ಇಸ್ರೇಲುಗಳ ದಾಳಿಯನ್ನು ಎದುರಿಸಿ ನಿಂತಿದ್ದ ಜಮಾಲ್ ಅಬ್ದುಲ್ ನಾಸಿರ್ ಆಗ ಅರಬ್ ಬೀದಿಗಳ ಕಣ್ಮಣಿ. ನೆಹರೂ, ಟಿಟೋ ಜೊತೆಗೆ ನಿಂತ ನಾಸಿರರ ಚಿತ್ರವನ್ನು ನಮ್ಮ ಹಿರಿಯರ ತಲೆಮಾರು ಅಭಿಮಾನದಿಂದ ನೋಡಿದ್ದುಂಟು. 1958ರ ಜನವರಿಯಲ್ಲಿ ಸಿರಿಯಾದ ಸೇನಾಧಿಕಾರಿಗಳ ಒಂದು ತಂಡ ದಂಡನಾಯಕ ಅಫೀಫ್ ಬಿಝ್ರಿಯ ನೇತೃತ್ವದಲ್ಲಿ ವಿಮಾನ ಹತ್ತಿ ಕೈರೋಗೆ ಹೋಯಿತು. ತಮ್ಮ ಸರ್ಕಾರದ ಅಪ್ಪಣೆಯನ್ನು ಅವರು ಕೇಳಿರಲಿಲ್ಲ. ನಮ್ಮೆರಡು ದೇಶಗಳನ್ನು ಒಂದು ಮಾಡಿ ಎಂದು ಅವರು ನಾಸಿರರನ್ನು ಬೇಡಿಕೊಂಡರು. ನಾಸಿರ್ ಮೊದಲು ಹಿಂಜರಿದರು, ಆಮೇಲೆ ಷರತ್ತು ಹಾಕಿದರು: ಸಿರಿಯಾದ ರಾಜಕೀಯ ಪಕ್ಷಗಳೆಲ್ಲ ವಿಸರ್ಜನೆಯಾಗಬೇಕು, ಸೇನೆ ರಾಜಕೀಯವನ್ನು ಬಿಡಬೇಕು, ಸಡಿಲ ಒಕ್ಕೂಟವಲ್ಲ, ಒಂದೇ ರಾಜ್ಯವಾಗಬೇಕು. ಒಪ್ಪಿಗೆಯಾಯಿತು. ಫೆಬ್ರವರಿ 1ರಂದು ಘೋಷಣೆ, 21ರಂದು ಜನಾಭಿಪ್ರಾಯ. ಶೇ. 99ಕ್ಕೂ ಮಿಕ್ಕಿ ಒಪ್ಪಿಗೆ ಎಂದು ಫಲಿತಾಂಶ ಹೇಳಿತು. ಸಿರಿಯಾದ ಅಧ್ಯಕ್ಷ ಶುಕ್ರಿ ಅಲ್ ಕುವತ್ಲಿ ಕುರ್ಚಿ ಬಿಟ್ಟುಕೊಟ್ಟು 'ಪ್ರಥಮ ಅರಬ್ ಪ್ರಜೆ' ಎಂಬ ಬಿರುದು ಪಡೆದರು. ನಾಸಿರ್ ದಮಾಸ್ಕಸ್ಸಿಗೆ ಬಂದಾಗ ನೆರೆದ ಜನಸಾಗರದ ಸಂತೋಷ ಸುಳ್ಳಾಗಿರಲಿಲ್ಲ. ಆದರೆ ಆ ಸಂತೋಷಕ್ಕಾಗಿ ತಾವು ಕೊಟ್ಟದ್ದು ತಮ್ಮ ಪಕ್ಷಗಳನ್ನು, ತಮ್ಮ ಸಂಸತ್ತನ್ನು ಎಂಬುದನ್ನು ಆ ದಿನ ಎಣಿಸಿದವರು ಕಡಿಮೆ.

ಒಕ್ಕೂಟದಲ್ಲಿ ಉಳಿಯಬೇಕೆಂದವರ ವಾದವನ್ನು ನಾವು ನ್ಯಾಯವಾಗಿ ಕೇಳಬೇಕು. ಈಜಿಪ್ಟಿನ ಜನಸಂಖ್ಯೆ ಎರಡೂವರೆ ಕೋಟಿಗೂ ಹೆಚ್ಚು. ಸಿರಿಯಾದ್ದು ಸುಮಾರು 45 ಲಕ್ಷ. ಆದರೂ 1960ರಲ್ಲಿ ನೇಮಕವಾದ ಒಟ್ಟು 600 ಸದಸ್ಯರ ರಾಷ್ಟ್ರೀಯ ಸಭೆಯಲ್ಲಿ 200 ಸ್ಥಾನಗಳು ಸಿರಿಯಾಕ್ಕೆ ಸಿಕ್ಕಿದ್ದವು. ಅದಕ್ಕಿಂತ ದೊಡ್ಡದು 1958ರ ಸೆಪ್ಟೆಂಬರಿನ ಭೂಸುಧಾರಣಾ ಕಾನೂನು. ಒಬ್ಬ ಒಡೆಯನಿಗೆ ನೀರಾವರಿ ಜಮೀನು 80 ಹೆಕ್ಟೇರು, ಮಳೆಯಾಶ್ರಿತ ಜಮೀನು 300 ಹೆಕ್ಟೇರು ಎಂದು ಅದು ಮಿತಿ ಹಾಕಿತು. ಊರಿಗೆ ಊರೇ ಒಬ್ಬ ದೊರೆಯ ಆಸ್ತಿಯಾಗಿದ್ದ ನಾಡಿನಲ್ಲಿ ಗೇಣಿಯ ರೈತ ಮೊದಲ ಬಾರಿಗೆ ತಲೆಯೆತ್ತಿದ. 'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಕೇಳಿ ಬೆಳೆದ ಕರ್ನಾಟಕದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬಿಡಬೇಕೆಂದವರ ವಾದವೂ ಟೊಳ್ಳಾಗಿರಲಿಲ್ಲ. ಒಕ್ಕೂಟವಾದ ವರ್ಷವೇ ಬರ ಕಾಲಿಟ್ಟಿತು. 1958ರಿಂದ 1961ರವರೆಗೆ ಮಳೆ ಕೈಕೊಟ್ಟು ಫಸಲು ಒಣಗಿತು. ಗೋಧಿ, ಬಾರ್ಲಿ ಮಾರುತ್ತಿದ್ದ ದೇಶ ಅವನ್ನು ಹೊರಗಿನಿಂದ ತರಿಸಬೇಕಾಯಿತು. ಬರಕ್ಕೆ ಒಕ್ಕೂಟ ಕಾರಣವಲ್ಲ. ಆದರೆ ಒಲೆ ಹೊತ್ತದ ಮನೆಯಲ್ಲಿ ಹೊಸ ಯಜಮಾನನ ಮೇಲೆಯೇ ಸಿಟ್ಟು ಹರಿಯುವುದು ಸಹಜ. ಲೆಬನಾನ್, ಇರಾಕ್ ಜೊತೆಗೆ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ದಮಾಸ್ಕಸ್ ಮತ್ತು ಅಲೆಪ್ಪೊದ ವರ್ತಕರಿಗೆ ಆಮದಿನ ಪರವಾನಗಿ, ವಿದೇಶಿ ವಿನಿಮಯದ ನಿರ್ಬಂಧಗಳು ಕುತ್ತಿಗೆಗೆ ಬಿಗಿದವು. 1961ರ ಜುಲೈಯಲ್ಲಿ ಬ್ಯಾಂಕುಗಳು, ವಿಮಾ ಕಂಪನಿಗಳು, ದೊಡ್ಡ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡವು. ಆಗಸ್ಟಿನಲ್ಲಿ ಸಿರಿಯಾದ ಪ್ರಾಂತೀಯ ಮಂತ್ರಿಮಂಡಲವೂ ಹೋಗಿ, ಎಲ್ಲ ಅಧಿಕಾರ ಕೈರೋ ಸೇರಿತು. ಒಕ್ಕೂಟಕ್ಕಾಗಿ ಹಂಬಲಿಸಿದ್ದ ಅಕ್ರಮ್ ಹೌರಾನಿಯಂಥ ನಾಯಕರೇ 1959ರ ಕೊನೆಗೆ ರಾಜೀನಾಮೆ ಕೊಟ್ಟು ಹೊರನಡೆದಿದ್ದರು.

ವರ್ತಕರ ನಷ್ಟಕ್ಕಿಂತ ಆಳವಾದ ಗಾಯ ಬೇರೊಂದಿತ್ತು. ಅದರ ಹೆಸರು ಅಬ್ದುಲ್ ಹಮೀದ್ ಸರ್ರಾಜ್. ಈತ ಈಜಿಪ್ಟಿನವನಲ್ಲ, ಸಿರಿಯಾದವನೇ. ಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥನಾಗಿದ್ದವನು ಒಕ್ಕೂಟದಲ್ಲಿ ಗೃಹಮಂತ್ರಿಯಾದ. ಪಕ್ಷಗಳಿಲ್ಲದ, ಸ್ವತಂತ್ರ ಪತ್ರಿಕೆಗಳಿಲ್ಲದ ದೇಶದಲ್ಲಿ ಸರ್ಕಾರಕ್ಕೆ ಜನರ ಮನಸ್ಸು ತಿಳಿಯಲು ಗೂಢಚಾರನ ವರದಿಯೊಂದೇ ದಾರಿ. ಕಾಫಿ ಅಂಗಡಿಯಲ್ಲಿ ಮಾತಾಡುವ ಮುನ್ನ ಹಿಂದೆಮುಂದೆ ನೋಡುವ ಅಭ್ಯಾಸ ಬೆಳೆಯಿತು. ಕಥೆ ಬರೆಯುವ ನಮ್ಮಂಥವರಿಗೆ ಗೊತ್ತು, ಜನ ದನಿ ತಗ್ಗಿಸಿ ಮಾತಾಡತೊಡಗಿದ ಊರಿನಲ್ಲಿ ಮೊದಲು ಸಾಯುವುದು ಸತ್ಯ.

1961ರ ಸೆಪ್ಟೆಂಬರಿನ ಮೊದಲ ವಾರ ನಾಸಿರ್ ಬೆಲ್‌ಗ್ರೇಡಿನ ಅಲಿಪ್ತ ದೇಶಗಳ ಸಮ್ಮೇಳನದಲ್ಲಿ ನೆಹರೂ ಅವರೊಡನೆ ಕುಳಿತಿದ್ದರು. ಅದೇ ತಿಂಗಳ 28ರ ಬೆಳಗಿನ ಜಾವ ದಮಾಸ್ಕಸ್ಸಿನಲ್ಲಿ ಟ್ಯಾಂಕುಗಳು ಚಲಿಸಿದವು. ಮುಂಚೂಣಿಯಲ್ಲಿದ್ದವನು ಅಬ್ದುಲ್ ಕರೀಮ್ ನಹ್ಲಾವಿ. ಸಿರಿಯಾವನ್ನು ನೋಡಿಕೊಳ್ಳಲು ನಾಸಿರ್ ಕಳಿಸಿದ್ದ ಫೀಲ್ಡ್ ಮಾರ್ಷಲ್ ಆಮಿರನ ಕಚೇರಿಯನ್ನೇ ನಡೆಸುತ್ತಿದ್ದವನು ಆತ. ಗಮನಿಸಬೇಕಾದ ಸಂಗತಿ ಎಂದರೆ, ಅಂದು ಬೆಳಿಗ್ಗೆ ಬಂಡಾಯಗಾರರು ಕೇಳಿದ್ದು ಸುಧಾರಣೆ. ಮಧ್ಯಾಹ್ನ ಒಂದು ರಾಜಿಯಾಯಿತೆಂದು ರೇಡಿಯೋದಲ್ಲಿ ಪ್ರಕಟಣೆಯೂ ಬಂತು. ನಾಸಿರ್ ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಸುಧಾರಣೆಯ ಮಾತು ಹೋಗಿ ಇನ್‌ಫಿಸಾಲ್ ಬಂತು. ಕೊನೆಗೆ ನಾಸಿರ್ ಅರಬರ ರಕ್ತವನ್ನು ಅರಬರೇ ಹರಿಸಬಾರದೆಂದು ಸೇನೆಯನ್ನು ತಡೆದದ್ದೂ, ವಿಶ್ವಸಂಸ್ಥೆಯಲ್ಲಿ ಸಿರಿಯಾದ ಮರುಪ್ರವೇಶಕ್ಕೆ ಅಡ್ಡಿಮಾಡದೆ ಇದ್ದದ್ದೂ ಅವರ ದೊಡ್ಡತನ.

ಹಾಗಾದರೆ ಬಿಟ್ಟು ಬಂದದ್ದರಿಂದ ಸಿರಿಯಾಕ್ಕೆ ಲಾಭವಾಯಿತೇ?

ಖಾತೆ ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಲಾಭವೇ ಕಾಣುತ್ತದೆ. 1961ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ನಾಝಿಮ್ ಕುದ್ಸಿ ಅಧ್ಯಕ್ಷರಾದರು. ಕಾರ್ಖಾನೆಗಳು ಒಡೆಯರಿಗೆ ಮರಳತೊಡಗಿದವು. ಬರ ಕಳೆದು ಮಳೆಯೂ ಬಂತು. ಆದರೆ ಜಮೀನ್ದಾರರ ಅನುಕೂಲಕ್ಕೆ ಭೂಸುಧಾರಣೆಯನ್ನು ಸಡಿಲಿಸಲಾಯಿತು. ಒಬ್ಬರ ಖಾತೆಯ ಜಮಾ ಇನ್ನೊಬ್ಬರ ಖಾತೆಯ ಖರ್ಚಾಯಿತು. 'ದೇಶಕ್ಕೆ ಲಾಭವೇ?' ಎಂದು ಕೇಳುವಾಗ ದೇಶ ಎಂದರೆ ಯಾರು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ.

ಇದಕ್ಕಿಂತ ಕಟುವಾದ ಉದಾಹರಣೆ ಹಸಕಾ ಪ್ರಾಂತದ್ದು. ಅರಬ್ ಐಕ್ಯವನ್ನು ಒಡೆದವರೆಂಬ ಅಪವಾದ ಹೊತ್ತ ಹೊಸ ಸರ್ಕಾರ ತಾನೂ ಅಪ್ಪಟ ಅರಬ್ ಎಂದು ತೋರಿಸಿಕೊಳ್ಳುವ ಹಟಕ್ಕೆ ಬಿದ್ದಿತ್ತು. ದೇಶದ ಹೆಸರನ್ನೇ 'ಸಿರಿಯಾ ಅರಬ್ ಗಣರಾಜ್ಯ' ಎಂದು ಮಾಡಿತು. 1962ರ ಅಕ್ಟೋಬರ್ 5ರಂದು ಒಂದೇ ದಿನ ಹಸಕಾದಲ್ಲಿ ವಿಶೇಷ ಜನಗಣತಿ ನಡೆಸಿ, 1945ಕ್ಕೆ ಮುಂಚಿನಿಂದ ಇಲ್ಲಿದ್ದೇವೆಂಬುದಕ್ಕೆ ದಾಖಲೆ ತೋರಿಸಲಾಗದ ಸುಮಾರು 1,20,000 ಕುರ್ದರ ಪೌರತ್ವವನ್ನು ಕಿತ್ತುಕೊಂಡಿತು. ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ ನೆಲದಲ್ಲೇ ಪರದೇಶಿಗಳಾಗಿ ಬೆಳೆದರು. ಕಾಗದಪತ್ರ ಎಂಬ ಮಾತಿಗೆ ಎದೆ ನಡುಗುವುದು ಏನೆಂದು ಬಲ್ಲವರಿಗೆ ಆ ಒಂದು ದಿನದ ಭಾರ ಅರ್ಥವಾದೀತು. ಒಕ್ಕೂಟದಿಂದ ಬಿಡುಗಡೆ ಪಡೆದ ದೇಶ ತನ್ನೊಳಗಿನ ದುರ್ಬಲರಿಗೆ ಮಾತ್ರ ಬಿಡುಗಡೆ ಕೊಡಲಿಲ್ಲ.

ಇನ್ನು ಸೇನೆ. ವಿಮಾನ ಹತ್ತಿ ಒಕ್ಕೂಟ ತಂದವರು ಸೇನಾಧಿಕಾರಿಗಳು, ಟ್ಯಾಂಕು ಹತ್ತಿ ಅದನ್ನು ಒಡೆದವರೂ ಸೇನಾಧಿಕಾರಿಗಳು. ಎರಡು ಸಲವೂ ಜನರಿಗೆ ಉಳಿದದ್ದು ಚಪ್ಪಾಳೆ ತಟ್ಟುವ ಕೆಲಸ. 1962ರ ಮಾರ್ಚಿನಲ್ಲಿ ಅದೇ ನಹ್ಲಾವಿ ತಾನೇ ದಾರಿಮಾಡಿಕೊಟ್ಟ ಸರ್ಕಾರವನ್ನು ಬಂಧನಕ್ಕೆ ಒಳಪಡಿಸಿದ. ಕೆಲವೇ ದಿನಗಳಲ್ಲಿ ಕುದ್ಸಿ ಮರಳಿದರೂ ಅವರ ಸರ್ಕಾರಕ್ಕೆ ಬೆನ್ನೆಲುಬು ಉಳಿಯಲಿಲ್ಲ. ಒಕ್ಕೂಟದ ಕಾಲದಲ್ಲಿ ಕೈರೋಗೆ ವರ್ಗವಾಗಿದ್ದ ಕೆಲವು ಬಾಥ್ ಅಧಿಕಾರಿಗಳು ಅಲ್ಲಿ ಗುಟ್ಟಾಗಿ ಒಂದು ಸೇನಾ ಸಮಿತಿ ಕಟ್ಟಿಕೊಂಡಿದ್ದರು. ಹಾಫಿಜ್ ಅಲ್ ಅಸದ್ ಅವರಲ್ಲೊಬ್ಬ. 1963ರ ಮಾರ್ಚ್ 8ರಂದು ಬಾಥ್ ಅಧಿಕಾರ ಹಿಡಿಯಿತು. ತುರ್ತುಪರಿಸ್ಥಿತಿ ಜಾರಿಗೆ ಬಂತು, ಅದು 2011ರವರೆಗೂ ಹೋಗಲಿಲ್ಲ. ಸರ್ರಾಜನ ಕಾಲದ ಗೂಢಚಾರ ವ್ಯವಸ್ಥೆ ಇನ್ನೂ ಹತ್ತು ಕೈಗಳನ್ನು ಬೆಳೆಸಿಕೊಂಡಿತು. ಒಕ್ಕೂಟ ಹೋಯಿತು, ಒಕ್ಕೂಟ ತಂದಿಟ್ಟ ಬೀಗ ಮಾತ್ರ ಬಾಗಿಲಲ್ಲೇ ಉಳಿಯಿತು. ಬೀಗದ ಕೈ ಮೊದಲು ಕೈರೋದಲ್ಲಿತ್ತು, ಆಮೇಲೆ ದಮಾಸ್ಕಸ್ಸಿನಲ್ಲಿತ್ತು, ಅಷ್ಟೇ.

ಹೊರಬಂದ ದೇಶಗಳೆಲ್ಲ ಹೀಗೆಯೇ ಆಗುತ್ತವೆ ಎಂದು ನಾವು ಹೇಳುತ್ತಿಲ್ಲ. 1963ರಲ್ಲಿ ಮಲೇಷ್ಯಾವನ್ನು ಸೇರಿ 1965ರ ಆಗಸ್ಟ್ 9ರಂದು ಬೇರ್ಪಟ್ಟ ಸಿಂಗಪುರ ನಮ್ಮ ಕಣ್ಣೆದುರಿಗಿದೆ. ಕುಡಿಯುವ ನೀರಿಗೂ ನೆರೆಯ ಜೊಹೋರನ್ನು ನಂಬಿದ್ದ ಆ ದ್ವೀಪ ಬದುಕೀತೆಂದು ನಂಬಿದವರು ಕಡಿಮೆ. ಆದರೆ ನೀರಿನ ಕರಾರುಗಳಿಗೆ ಬೇರ್ಪಡುವ ಒಪ್ಪಂದದಲ್ಲೇ ಖಾತರಿ ದೊರೆಯಿತು. ಬಂದರು, ನ್ಯಾಯಾಲಯ, ಮನೆ ಕಟ್ಟಿಕೊಡುವ ಮಂಡಳಿ, ಆಡಳಿತ ಸೇವೆ ಎಲ್ಲವೂ ಒಕ್ಕೂಟಕ್ಕೆ ಮುಂಚೆಯೂ ಇದ್ದವು, ಆಮೇಲೂ ಉಳಿದವು. ಅಲ್ಲಿಯೂ ವಿರೋಧಿಗಳು ವಿಚಾರಣೆಯಿಲ್ಲದೆ ಜೈಲು ಸೇರಿದ್ದುಂಟು, ಅದನ್ನು ಮರೆಯಬಾರದು. ಆದರೂ ಸಿಂಗಪುರ ಹೊರಬಂದಾಗ ಅದರ ಕೈಯಲ್ಲಿ ಒಂದು ಮನೆ ಇತ್ತು. ಸಿರಿಯಾ ಹೊರಬಂದಾಗ ಅದರ ಮನೆ ಕೆಡವಿಯಾಗಿತ್ತು.

ಖಾತೆ ಪುಸ್ತಕದಲ್ಲಿ ನಾವು ಬರೆಯದೆ ಬಿಡುವ ಕಲಮು ಇದೇ. ಸೇರುವಾಗ ನಾವು ಏನನ್ನು ಕೆಡವಿದೆವು? ಬಿಡುವಾಗ ಅದನ್ನು ಮತ್ತೆ ಕಟ್ಟುವ ಮನಸ್ಸು ಯಾರಿಗಿದೆ? ಸೇರುವಾಗಲೂ ಬಿಡುವಾಗಲೂ ಯಾರನ್ನು ಕೇಳಿದೆವು? ಇವಕ್ಕೆ ಉತ್ತರವಿದ್ದರೆ ರಫ್ತಿನ ನಷ್ಟವನ್ನು ಹತ್ತು ವರ್ಷದಲ್ಲಿ ತುಂಬಿಕೊಳ್ಳಬಹುದು. ಉತ್ತರವಿಲ್ಲದಿದ್ದರೆ ಗಳಿಸಿದ ಲಾಭವೂ ಕಾವಲುಗಾರನ ಜೇಬಿಗೇ ಹೋಗುತ್ತದೆ.

ಈ ಕಥೆಯ ಪಾತ್ರಗಳ ಕೊನೆಯನ್ನು ನೋಡಿ. ಕುವತ್ಲಿ 1967ರಲ್ಲಿ ಬೈರೂತಿನಲ್ಲಿ ಕಣ್ಮುಚ್ಚಿದರು. ಹೌರಾನಿ ದೇಶ ಬಿಟ್ಟು 1996ರಲ್ಲಿ ಅಮ್ಮಾನಿನಲ್ಲಿ ತೀರಿಕೊಂಡರು. ಬಾಥ್ ಪಕ್ಷದ ಸ್ಥಾಪಕರಲ್ಲೊಬ್ಬರಾದ, ಮೊದಲು ಒಕ್ಕೂಟಕ್ಕೆ, ಆಮೇಲೆ ಅಗಲಿಕೆಗೆ ಸಹಿ ಹಾಕಿ ಬಳಿಕ ಆ ಸಹಿಗಾಗಿ ಪಶ್ಚಾತ್ತಾಪಪಟ್ಟ ಸಲಾಹುದ್ದೀನ್ ಬೀತಾರ್ 1980ರಲ್ಲಿ ಪ್ಯಾರಿಸ್ಸಿನಲ್ಲಿ ಗುಂಡಿಗೆ ಬಲಿಯಾದರು. ಸರ್ರಾಜ್ ದಮಾಸ್ಕಸ್ಸಿನ ಸೆರೆಮನೆಯಿಂದ ತಪ್ಪಿಸಿಕೊಂಡು ಕೈರೋ ಸೇರಿ 2013ರಲ್ಲಿ ಅಲ್ಲಿಯೇ ಸತ್ತ. ಈ ನಾಲ್ವರಲ್ಲಿ ಯಾರಿಗೂ ತಮ್ಮ ದೇಶದಲ್ಲಿ ಆರಡಿ ಮೂರಡಿಯಲ್ಲಿ ಶಾಂತವಾಗಿ ಕಣ್ಮುಚ್ಚುವ ಭಾಗ್ಯ ಸಿಗಲಿಲ್ಲ.

ಒಕ್ಕೂಟದ ಎರಡು ನಕ್ಷತ್ರಗಳ ಬಾವುಟವನ್ನು 1980ರಲ್ಲಿ ಅಸದ್ ಸರ್ಕಾರ ಮತ್ತೆ ಏರಿಸಿತ್ತು. 2024ರ ಡಿಸೆಂಬರ್ 8ರಂದು ಅಸದ್ ವಂಶದ ಆಳ್ವಿಕೆ ಕುಸಿದಾಗ ಅದು ಇಳಿಯಿತು. ಅದರ ಜಾಗದಲ್ಲಿ ಏರಿದ್ದು ಒಕ್ಕೂಟಕ್ಕೆ ಮುಂಚೆಯೂ, ಇನ್‌ಫಿಸಾಲ್ ಆದ ಕೂಡಲೂ ಹಾರಿದ್ದ ಮೂರು ಕೆಂಪು ನಕ್ಷತ್ರಗಳ ಹಸಿರು ಪಟ್ಟಿಯ ಬಾವುಟ. ಬಾವುಟ ಬದಲಿಸಲು ಒಂದು ಬೆಳಗು ಸಾಕು. 1958ರಲ್ಲಿ ಬಿಟ್ಟುಕೊಟ್ಟ ಆ ಗದ್ದಲದ ಸಂಸತ್ತು, ಆ ಜಗಳಗಂಟ ಪತ್ರಿಕೆಗಳು, ಕಾಫಿ ಅಂಗಡಿಯ ಆ ಎತ್ತರದ ದನಿ ಮರಳಿ ಬಂದ ದಿನ, ಹಸಕಾದ ಕುರ್ದ್ ರೈತನೂ ತನ್ನ ಹೆಸರನ್ನು ಹೆದರಿಕೆಯಿಲ್ಲದೆ ಹೇಳುವ ದಿನ, ಆ ಹಳೆಯ ವ್ಯಾಜ್ಯ ಫೈಸಲಾಯಿತೆಂದು ನಾವು ಬರೆದುಕೊಳ್ಳಬಹುದು. ಫಸಲಿನ ಮಾತು ಆಮೇಲಿನದು.