ಉಪ್ಪಿನ ಹೇರಿನಿಂದ ಹಾಜರಿಯ ಪಟ್ಟಿಗೆ: ಕೊರಚ-ಕೊರವರ ಇತಿಹಾಸದ ಒಂದು ಪ್ರಕರಣ

ಕನ್ನಡ ಓದುಗನಿಗೆ ಕೊರವಂಜಿ ಅಪರಿಚಿತಳಲ್ಲ. ದಾಸರ ಹಾಡುಗಳಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಅವಳು ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಅಂತಃಪುರದ ಹೆಣ್ಣಿನ ಕೈಹಿಡಿದು ಕಣಿ ಹೇಳುತ್ತಾಳೆ. ದೇವತೆಗಳು ತಮ್ಮ ರೂಪ ಮರೆಸಬೇಕಾದಾಗ ತೊಡುವುದು ಎಷ್ಟೋ ವೇಳೆ ಅವಳ ವೇಷವನ್ನೇ. 1942ರಲ್ಲಿ ಡಾ. ಎಂ. ಶಿವರಾಂ ಅವರು ತಮ್ಮ ಹಾಸ್ಯಪತ್ರಿಕೆಗೆ ಆರಿಸಿಕೊಂಡ ಹೆಸರೂ ಅವಳದೇ. ಬೆಂಗಳೂರಿನಲ್ಲಿ ಆ ಪತ್ರಿಕೆ ಹೊರಟ ಕಾಲದಲ್ಲಿಯೇ, ಅವಳ ಕುಲದವರು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿಯೂ, ಅವರ ಬಳಗದವರಾದ ಕೈಕಾಡಿಗಳು ಸೊಲ್ಲಾಪುರದ ತಂತಿಬೇಲಿಯ ಒಳಗೂ ಸರಕಾರದ ಹಾಜರಿಗೆ ನಿಲ್ಲುತ್ತಿದ್ದರು. ಸಾಹಿತ್ಯದಲ್ಲಿ ಇಷ್ಟು ಆದರ ಪಡೆದ ಹೆಸರು ಪೋಲೀಸರ ದಫ್ತರದಲ್ಲಿ ಜನ್ಮದೋಷದ ಗುರುತಾದದ್ದು ಹೇಗೆಂಬುದು ವಿಚಾರಾರ್ಹವಾದ ವಿಷಯ.

ಟೀಪುವಿನ ಪತನದ ಮರುವರ್ಷ, 1800-01ರಲ್ಲಿ, ಮೈಸೂರು ಕನ್ನಡಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೊರಮರನ್ನು ಕಂಡು ಬರೆದಿದ್ದಾನೆ. ಅವನ ಪ್ರವಾಸಗ್ರಂಥ ಪ್ರಕಟವಾದದ್ದು 1807ರಲ್ಲಿ. ಇವರು ಬುಟ್ಟಿ ಹೆಣೆಯುವವರು, ಉಪ್ಪು ಮತ್ತು ಧಾನ್ಯದ ವ್ಯಾಪಾರವನ್ನು ಸಾಕಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸುವವರು ಎಂದು ಅವನು ಹೇಳುತ್ತಾನೆ. ಮೇಲಿನ ಜಾತಿಗಳವರು ಇವರನ್ನು ಕೀಳೆಂದು ಎಣಿಸುತ್ತಿದ್ದರೆಂಬುದನ್ನೂ ಅವನು ಮರೆಮಾಚಿಲ್ಲ. ಅಂದರೆ ತಿರಸ್ಕಾರ ಹಳೆಯದು. ಇಂಗ್ಲಿಷರು ಅದನ್ನು ತಮ್ಮೊಡನೆ ಹಡಗಿನಲ್ಲಿ ತಂದದ್ದಲ್ಲ. ಆದರೆ ತಿರಸ್ಕಾರದ ನಡುವೆಯೂ ಇವರಿಗೆ ಊರಿನ ಬದುಕಿನಲ್ಲಿ ಒಂದು ಸ್ಥಾನವಿತ್ತು, ಮತ್ತು ಆ ಸ್ಥಾನ ಉಪ್ಪಿನದು.

ಸಮುದ್ರತೀರದ ಉಪ್ಪಿನ ಆಗರಗಳಲ್ಲಿ ಎತ್ತು ಕತ್ತೆಗಳ ಮೇಲೆ ಹೇರು ಹೇರಿಕೊಂಡು ಒಳನಾಡಿಗೆ ಹೊರಟ ತಂಡ, ಬಂಡಿಯ ದಾರಿಯಿಲ್ಲದ ಹಳ್ಳಿಗಳನ್ನು ಹಿಡಿದು ಸಾಗುತ್ತಿತ್ತು. ಹಣದ ಚಲಾವಣೆ ಕಡಿಮೆಯಿದ್ದ ಆ ಊರುಗಳಲ್ಲಿ ಉಪ್ಪಿಗೆ ಬದಲು ಜೋಳ, ರಾಗಿ. ಮರಳುವಾಗ ಅದೇ ಧಾನ್ಯ ಎತ್ತಿನ ಬೆನ್ನಿಗೆ. ದನಗಳ ಮೇವು ದಾರಿಯ ಬೀಳುಗಳಲ್ಲಿ, ಕಾವಲುಗಳಲ್ಲಿ, ಕಾಡಂಚಿನಲ್ಲಿ. ಬಿಡುವಿನ ವೇಳೆಯಲ್ಲಿ ಗಂಡಸರು ಹೆಂಗಸರು ಕೂಡಿ ಬಿದಿರು, ಈಚಲುಗರಿಗಳಿಂದ ಬುಟ್ಟಿ ಚಾಪೆ ಹೆಣೆಯುವರು. ಹೆಂಗಸರು ಹಚ್ಚೆ ಹಾಕುವರು, ಕಣಿ ಹೇಳುವರು. ಇವರಲ್ಲಿ ಒಂದು ಪಂಗಡಕ್ಕೆ ಉಪ್ಪುಕೊರವರೆಂಬ ಹೆಸರೇ ನಿಂತುಬಿಟ್ಟಿದೆ. ನೆಯ್ಗೆಯವರಿಗೆ ಬೇಕಾದ ಕುಂಚಿಗೆಯನ್ನು ಕಟ್ಟಿಕೊಡುವವರು ಕುಂಚಿಕೊರವರು. ಸಂಚಾರವೆಂದರೆ ಗುರಿಯಿಲ್ಲದ ಅಲೆತವಲ್ಲ. ಋತುವನ್ನೂ ಗಿರಾಕಿಯನ್ನೂ ಬಲ್ಲ ವ್ಯಾಪಾರದ ಕ್ರಮ ಅದು.

ಈ ಕ್ರಮ ಹತ್ತೊಂಬತ್ತನೆಯ ಶತಮಾನದಲ್ಲಿ ನಾಲ್ಕೂ ಕಡೆಯಿಂದ ಮುರಿಯಿತು. ಮದರಾಸು ಇಲಾಖೆಯಲ್ಲಿ 1805ರಲ್ಲಿಯೇ ಉಪ್ಪು ಸರಕಾರದ ಏಕಸ್ವಾಮ್ಯವಾಯಿತು, ಸುಂಕ ಬೆಳೆಯಿತು. 1850ರ ದಶಕದಿಂದ ಹರಡಿದ ರೈಲುದಾರಿ ಉಪ್ಪನ್ನೂ ಧಾನ್ಯವನ್ನೂ ಎತ್ತಿನ ಬೆನ್ನಿನಿಂದ ಇಳಿಸಿ ನಿಲ್ದಾಣದ ಬಳಿಯ ಸಾಹುಕಾರನ ಮಳಿಗೆಗೆ ಸೇರಿಸಿತು. 1876-78ರ ಬರದಲ್ಲಿ ದನಗಳು ಸತ್ತವು. 1878ರ ಅರಣ್ಯ ಕಾಯಿದೆ, 1882ರ ಮದರಾಸು ಅರಣ್ಯ ಕಾಯಿದೆಗಳು ಬಂದಮೇಲೆ ಉಳಿದ ದನಗಳಿಗೆ ಹುಲ್ಲೂ ಹೆಣೆಯುವ ಕೈಗಳಿಗೆ ಬಿದಿರೂ ಅಪ್ಪಣೆಯ ವಸ್ತುಗಳಾದವು. ಮೀನಾ ರಾಧಾಕೃಷ್ಣ ಅವರು ಮದರಾಸು ಇಲಾಖೆಯ ಕಾಗದಪತ್ರಗಳನ್ನು ಶೋಧಿಸಿ ಈ ಸರಣಿಯನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದಾರೆ. ಅಧಿಕಾರಿಗಳಿಗೂ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಆದರೆ ಅವರ ತರ್ಕ ವಿಚಿತ್ರವಾದದ್ದು: ಇವರ ಉದ್ಯೋಗ ಹೋಗಿದೆ, ಆದರೂ ಬದುಕಿದ್ದಾರೆ, ಆದುದರಿಂದ ಕದಿಯುತ್ತಿರಲೇಬೇಕು!

ಕೆಲವರು ಕದ್ದದ್ದು ಸುಳ್ಳಲ್ಲ. ಹಸಿದವರು ಕದ್ದ ಪ್ರಸಂಗಗಳು ಯಾವ ಜಾತಿಯ ಚರಿತ್ರೆಯಲ್ಲಿಯೂ ಸಿಕ್ಕಾವು. ಹೊಸದಾದದ್ದು, ಅಪರಾಧವನ್ನು ಕೃತ್ಯದಿಂದ ಬಿಡಿಸಿ ಹುಟ್ಟಿಗೆ ಅಂಟಿಸಿದ ಕಾಯಿದೆ. 1871ರ ಅಕ್ಟೋಬರದಲ್ಲಿ ಉತ್ತರ ಹಿಂದುಸ್ಥಾನಕ್ಕಾಗಿ ಹುಟ್ಟಿದ ‘ಅಪರಾಧಿ ಜನಾಂಗಗಳ ಕಾಯಿದೆ’ 1911ರಲ್ಲಿ ಮುಂಬಯಿ, ಮದರಾಸು ಇಲಾಖೆಗಳಿಗೂ ವಿಸ್ತರಿಸಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆಂಬ ವಾದ ಅದರ ಬುಡದಲ್ಲಿತ್ತು. ನಮ್ಮ ಜಾತಿಪದ್ಧತಿಯನ್ನು ಇಷ್ಟು ನಿಷ್ಠೆಯಿಂದ ನಂಬಿದ ಪರದೇಶಿ ಸರಕಾರ ಮತ್ತೊಂದು ಇರಲಾರದು. ಸರಕಾರ ಒಂದು ಜನಾಂಗವನ್ನು ಅಪರಾಧಿಯೆಂದು ಪ್ರಕಟಿಸಿದರೆ, ಅದು ಸರಿಯೇ ತಪ್ಪೇ ಎಂದು ಯಾವ ನ್ಯಾಯಾಲಯವೂ ವಿಚಾರಿಸುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರು, ಬೆರಳಿನ ಗುರುತು, ಹೇಳಿದ ಹೊತ್ತಿಗೆ ಹಾಜರಿ, ಊರು ಬಿಡಲು ರಹದಾರಿ. ಕೆಲವು ಅಪರಾಧಗಳಿಗೆ ಎರಡನೆಯ ಸಲ ಸಿಕ್ಕರೆ ಸಾಮಾನ್ಯವಾಗಿ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯ ಸಲಕ್ಕೆ ಕರಿನೀರು. ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ ಶಾಲೆಗಳಲ್ಲಿಡುವ ಅಧಿಕಾರವೂ ಅದರಲ್ಲಿ ಅಡಗಿತ್ತು. ವ್ಯಾಪಾರಕ್ಕೆ ಊರೂರು ತಿರುಗಲೇಬೇಕಾದವನಿಗೆ ರಹದಾರಿಯ ನಿಯಮವೆಂದರೆ ಅಳಿದುಳಿದ ವ್ಯಾಪಾರಕ್ಕೂ ಕೊನೆ. ಹೀಗೆ ಕಾಯಿದೆ ತಾನು ತಡೆಯಹೊರಟ ಅಪರಾಧಕ್ಕೆ ಕಾರಣವನ್ನು ತಾನೇ ಒದಗಿಸಿತು.

ಮುಂಬಯಿ ಇಲಾಖೆಯಲ್ಲಿ ಈ ಜನರನ್ನು ಒಂದೆಡೆ ನೆಲೆಗೊಳಿಸುವ ಪ್ರಯೋಗ ಪ್ರಾರಂಭವಾದದ್ದು 1910ರ ಸುಮಾರಿಗೆ, ವಿಜಾಪುರದಲ್ಲಿ, ಓ. ಎಚ್. ಬಿ. ಸ್ಟಾರ್ಟ್ ಎಂಬ ಸಿವಿಲ್ ಅಧಿಕಾರಿಯ ಕೈಯಲ್ಲಿ. ತರುವಾಯ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳೆದ್ದವು. ಸ್ಥಳಗಳ ಆಯ್ಕೆ ಆಕಸ್ಮಿಕವಲ್ಲ. ಗಿರಣಿಗೂ ರೈಲ್ವೆ ಕೆಲಸಕ್ಕೂ ಆಳು ಬೇಕಿದ್ದ ಊರುಗಳಿವು. ಕೂಲಿಗೆ ಹೋಗಿ ಸಂಜೆ ಬೇಲಿಯೊಳಗೆ ಮರಳುವ ಕಾರ್ಮಿಕ ಗಿರಣಿಯ ಧಣಿಗೆ ಬಲು ಅನುಕೂಲ. ಆಂಧ್ರದ ಚೀರಾಲದಲ್ಲಿ ತಂಬಾಕಿನ ಕಾರ್ಖಾನೆಗೂ ಸಾಲ್ವೇಷನ್ ಆರ್ಮಿಯವರು ನಡೆಸಿದ ಸ್ಟೂವರ್ಟುಪುರದ ಎರುಕಲರಿಗೂ ಇದ್ದ ಸಂಬಂಧ ಇದೇ ಬಗೆಯದು. ಸ್ಟಾರ್ಟನನ್ನು ಕೇವಲ ಸೆರೆಮನೆಯ ಯಜಮಾನನೆಂದು ಬಗೆಯುವುದು ನ್ಯಾಯವಲ್ಲ. ಅವನ ಆಡಳಿತದಲ್ಲಿ ಶಾಲೆಗಳು ನಡೆದವು, ಒಂದು ತಲೆಮಾರು ಅಕ್ಷರ ಕಲಿಯಿತು. 1928ರಲ್ಲಿ ಮುಂಬಯಿ ಸರಕಾರ ದಲಿತವರ್ಗ ಹಾಗೂ ಆದಿವಾಸಿಗಳ ಸ್ಥಿತಿ ವಿಚಾರಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷನಾದವನೂ ಅವನೇ. ಡಾ. ಬಿ. ಆರ್. ಅಂಬೇಡಕರ್, ಠಕ್ಕರ್ ಬಾಪಾ ಅದರ ಸದಸ್ಯರು. 1930ರ ಅದರ ವರದಿ ಹಿಂದುಳಿದವರನ್ನು ದಲಿತವರ್ಗ, ಆದಿವಾಸಿ ಮತ್ತು ಗುಡ್ಡಗಾಡಿನ ಜನ, ಇತರ ಹಿಂದುಳಿದವರು ಎಂದು ಮೂರಾಗಿ ವಿಂಗಡಿಸಿತು. ಇಂದಿಗೂ ದೇಶದ ಮೀಸಲಾತಿ ಬಹುಮಟ್ಟಿಗೆ ಈ ಮೂರು ಕೋಣೆಗಳಲ್ಲಿ ನಡೆದಿದೆ. ಸಂಚಾರಿಗಳಿಗೆ ಅದರಲ್ಲಿ ತಮ್ಮದೆಂಬ ಕೋಣೆ ದೊರೆಯಲಿಲ್ಲ.

ಮದರಾಸು ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ ಕಾಯಿದೆಯನ್ನು ತೆಗೆಯಿತು, ಮುಂಬಯಿ 1949ರಲ್ಲಿ. ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಸರಕಾರವೂ ಅದನ್ನು ರದ್ದುಮಾಡಿ 1952ರ ಆಗಸ್ಟ್ 31ರಂದು ಈ ಜನ ‘ವಿಮುಕ್ತ’ರಾದರು. ಆದರೆ ರೂಢಿಯ ಅಪರಾಧಿಗಳ ಕಾಯಿದೆಗಳು ಒಂದೊಂದೇ ಪ್ರಾಂತದಲ್ಲಿ ಆ ಜಾಗಕ್ಕೆ ಬಂದವು. ಮೈಸೂರು ರಾಜ್ಯದಲ್ಲಿ 1961ರಲ್ಲಿ. ಬಾಯಿಮಾತಿಗೆ ಅದು ವ್ಯಕ್ತಿಯನ್ನು ಕುರಿತದ್ದು, ಜಾತಿಯನ್ನಲ್ಲ. ಠಾಣೆಯ ನೆನಪು ಕಾಯಿದೆಯಷ್ಟು ಸೂಕ್ಷ್ಮವಾದುದಲ್ಲ. ವಿಮುಕ್ತ ಜಾತಿಯವರನ್ನು ಮನಬಂದಂತೆ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರದಲ್ಲಿ ಪೋಲೀಸರಿಗೆ ಹೇಳಬೇಕಾಯಿತೆಂದರೆ, ಎಪ್ಪತ್ತೆರಡು ವರ್ಷ ಕಳೆದಿದ್ದವು.

ಭಾಷಾವಾರು ಪ್ರಾಂತರಚನೆ ಕನ್ನಡಿಗರ ಬಹುಕಾಲದ ಕನಸು. ಆ ಗಡಿ ಈ ಜನರ ಪಾಲಿಗೆ ಬೇರೊಂದು ಅರ್ಥದಲ್ಲಿ ಬಂದಿತು. ತಮಿಳಿಗೆ ಹತ್ತಿರವಾದ ಒಂದೇ ಬಗೆಯ ಮನೆಮಾತು, ಒಂದೇ ಮೂಲದ ಕಸುಬು ಉಳ್ಳ ಬಳಗ ಈಗ ಕರ್ನಾಟಕದಲ್ಲಿ ಕೊರಚ, ಕೊರಮ ಎಂಬ ಹೆಸರಿನಲ್ಲಿ ಪರಿಶಿಷ್ಟ ಜಾತಿ. ಆಂಧ್ರದಲ್ಲಿಯೂ ತೆಲಂಗಾಣದಲ್ಲಿಯೂ ಎರುಕಲರೆಂದು ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಕೈಕಾಡಿಗಳು ವಿದರ್ಭದ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಉಳಿದೆಡೆ ವಿಮುಕ್ತ ಜಾತಿ. ಕೈಕಾಡಿ ಕುಟುಂಬದಲ್ಲಿ ಹುಟ್ಟಿದ ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿ ಬಂದಾಗ ಮರಾಠಿ ಓದುಗರು ಬೆರಗಾದರು. ಕೃತಿಯ ಹೆಸರಿಗೇ ಪರಕೀಯ ಎಂದರ್ಥ. 1990ರಲ್ಲಿ, ಆಂಧ್ರದಿಂದ ಮುಂಬಯಿಗೆ ಬಂದು ನೆಲೆಸಿದ ಕುಟುಂಬದ ವಿದ್ಯಾರ್ಥಿಯೊಬ್ಬನ ವೈದ್ಯಕೀಯ ಪ್ರವೇಶದ ಪ್ರಕರಣದಲ್ಲಿ, ಒಂದು ರಾಜ್ಯದ ಪಟ್ಟಿಯಲ್ಲಿರುವ ಪಂಗಡ ಮತ್ತೊಂದು ರಾಜ್ಯದಲ್ಲಿ ತನ್ನ ಹಕ್ಕನ್ನು ಕೇಳಲಾರದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಪರಪ್ರಾಂತದ ಕನ್ನಡಿಗ ತನ್ನ ಭಾಷೆಯನ್ನೂ ಸಂಘವನ್ನೂ ಜೊತೆಯಲ್ಲಿ ಒಯ್ಯಬಲ್ಲ. ಕೊರಚ ತನ್ನ ಪ್ರಮಾಣಪತ್ರವನ್ನು ಒಯ್ಯಲಾರ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರು. ಉಪ್ಪಿನ ಹೇರು ಹೊತ್ತ ಎತ್ತುಗಳಿಗೆ ಅದು ಕೆಲವೇ ದಿನಗಳ ದಾರಿ. ಆ ದಾರಿಯ ಎರಡೂ ತುದಿಗಳಲ್ಲಿ ಹಳೆಯ ಪಟ್ಟಿಯಲ್ಲಿದ್ದವರ ಮೊಮ್ಮಕ್ಕಳು ಬೇರೆ ಬೇರೆ ವರ್ಗದ ಅರ್ಜಿಗಳನ್ನು ತುಂಬುತ್ತಿದ್ದಾರೆ. ಹುಬ್ಬಳ್ಳಿಯಲ್ಲಿಯೂ ಸೊಲ್ಲಾಪುರದಲ್ಲಿಯೂ ಅವರ ಓಣಿಯ ವಿಳಾಸದಲ್ಲಿ ‘ಸೆಟ್ಲಮೆಂಟ್’ ಎಂಬ ಪದ ಇನ್ನೂ ಉಳಿದಿದೆ.