ಶ್ರೀ ಎನ್. ಧರ್ಮಸಿಂಗ್: ನಗರಸಭೆಯಿಂದ ಮುಖ್ಯಮಂತ್ರಿ ಪದವಿಯವರೆಗೆ

ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಶ್ರೀ ಎನ್. ಧರ್ಮಸಿಂಗ್ ಅವರು 1936ರ ಡಿಸೆಂಬರ್ 25ರಂದು ಇಂದಿನ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೇಲೋಗಿ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶವು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಅವರು ಉನ್ನತ ಶಿಕ್ಷಣವನ್ನು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಡೆದು ವಕೀಲರಾದರು.

ಸ್ಥಳೀಯ ಸಂಸ್ಥೆಯಿಂದ ವಿಧಾನಸಭೆಗೆ

1960ರ ದಶಕದಲ್ಲಿ ಗುಲಬರ್ಗಾ ನಗರಸಭೆಯ ಸದಸ್ಯರಾಗಿ ಚುನಾಯಿತರಾಗುವ ಮೂಲಕ ಅವರ ಸಾರ್ವಜನಿಕ ಜೀವನ ಆರಂಭವಾಯಿತು. ಮುಂದಿನ ದಶಕದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಜೇವರ್ಗಿ ಕ್ಷೇತ್ರದಿಂದ ವಿಧಾನಸಭೆ ಪ್ರವೇಶಿಸಿದರು. ಸ್ವಂತ ಸಮುದಾಯದ ಮತದಾರರು ಅತ್ಯಲ್ಪವಾಗಿದ್ದ ಕ್ಷೇತ್ರದಲ್ಲಿ ಅವರು ಮತ್ತೆ ಮತ್ತೆ ಆಯ್ಕೆಯಾದುದು ಗಮನಾರ್ಹ. 1980ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಚುನಾಯಿತರಾದರೂ, ದೆಹಲಿಯಲ್ಲಿ ಪರಾಭವಗೊಂಡಿದ್ದ ಶ್ರೀ ಸಿ.ಎಂ. ಸ್ಟೀಫನ್ ಅವರು ಸ್ಪರ್ಧಿಸಲು ಅನುವಾಗುವಂತೆ ಆ ಸ್ಥಾನವನ್ನು ತೆರವುಗೊಳಿಸಿದರು. ಶ್ರೀ ಎಸ್. ಬಂಗಾರಪ್ಪನವರ ಸಂಪುಟದಲ್ಲಿ ಗೃಹ ಖಾತೆಯನ್ನೂ, ಶ್ರೀ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಲೋಕೋಪಯೋಗಿ ಖಾತೆಯನ್ನೂ ನಿರ್ವಹಿಸಿದರು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರೂ ಆಗಿದ್ದರು.

ಸಮ್ಮಿಶ್ರ ಸರ್ಕಾರ

2004ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. ಭಾರತೀಯ ಜನತಾ ಪಕ್ಷ 79, ಕಾಂಗ್ರೆಸ್ 65 ಹಾಗೂ ಜನತಾದಳ (ಜಾತ್ಯತೀತ) 58 ಸ್ಥಾನಗಳನ್ನು ಗಳಿಸಿದ್ದವು. ಕೊನೆಯ ಎರಡು ಪಕ್ಷಗಳು ಕೂಡಿ ರಚಿಸಿದ ಸರ್ಕಾರದ ಮುಖ್ಯಮಂತ್ರಿಯಾಗಿ ಧರ್ಮಸಿಂಗ್ ಅವರು ಮೇ 28ರಂದು ಪ್ರಮಾಣ ವಚನ ಸ್ವೀಕರಿಸಿದರು. ಮಿತ್ರಪಕ್ಷದ ಶಾಸಕರು ಬೆಂಬಲ ಹಿಂಪಡೆದುದರಿಂದ 2006ರ ಆರಂಭದಲ್ಲಿ ಸರ್ಕಾರ ಪತನಗೊಂಡಿತು. 2008ರಲ್ಲಿ ಅವರು ಜೇವರ್ಗಿಯಲ್ಲಿ ಕೇವಲ 70 ಮತಗಳ ಅಂತರದಿಂದ ಸೋತರು. ಮರುವರ್ಷ ಬೀದರ್‌ನಿಂದ ಲೋಕಸಭೆಗೆ ಆಯ್ಕೆಯಾದರು. 2014ರಲ್ಲಿ ಅಲ್ಲಿಯೂ ಪರಾಭವಗೊಂಡರು. 2017ರ ಜುಲೈ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಪ್ರದೇಶದ ಹಿಂದುಳಿದಿರುವಿಕೆ ಮತ್ತು 371(ಜೆ)

ಅವರ ಅಲ್ಪಾವಧಿಯ ಮುಖ್ಯಮಂತ್ರಿ ಪದವಿಗಿಂತ ನಾಗರಿಕರಿಗೆ ಹೆಚ್ಚು ಸಂಬಂಧಿಸಿದ್ದು ಮತ್ತೊಂದು ಕಾರ್ಯ. ಹೈದರಾಬಾದ್ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಪರಿಶೀಲಿಸಲು ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು 1981ರಲ್ಲಿ ವರದಿ ನೀಡಿತು. ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಕಲ್ಪಿಸುವ ಅಧಿನಿಯಮ ಬಂದುದು 1991ರಲ್ಲಿ; ಅಂದರೆ ವರದಿಯ ತರುವಾಯ ಹತ್ತು ವರ್ಷ ಕಾಯಬೇಕಾಯಿತು. ಸಂವಿಧಾನದಲ್ಲಿಯೇ ವಿಶೇಷ ಅವಕಾಶ ಬೇಕೆಂಬ ಬೇಡಿಕೆ ಅನಂತರವೂ ಮುಂದುವರಿದು, 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರ್ಪಡೆಯಾಯಿತು. 2012ರ ಡಿಸೆಂಬರ್‌ನಲ್ಲಿ ಲೋಕಸಭೆಯು ಅದನ್ನು ಅಂಗೀಕರಿಸಿದಾಗ ಧರ್ಮಸಿಂಗ್ ಅವರು ಆ ಸದನದ ಸದಸ್ಯರಾಗಿದ್ದರು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು.

ಈ ವಿಧಿಯ ಮೇರೆಗೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಹಾಗೂ ವಿಜಯನಗರ ಜಿಲ್ಲೆಗಳಿಗೆ ಜನನದಿಂದ ಅಥವಾ ವಾಸದಿಂದ ಸೇರಿದವರಿಗೆ ಶಿಕ್ಷಣ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಲಭ್ಯವಿದೆ. ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಹಾಗೂ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 85 ಇದಕ್ಕಾಗಿ ಮೀಸಲಾಗಿವೆ. ಈ ಸೌಲಭ್ಯ ಕೋರುವವರು ಅರ್ಹತಾ ಪ್ರಮಾಣಪತ್ರವನ್ನು ಪಡೆದಿರಬೇಕು. ಇದನ್ನು ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಜಾತಿ ಪ್ರಮಾಣಪತ್ರವು ಇದಕ್ಕೆ ಬದಲಿಯಾಗುವುದಿಲ್ಲವಾದ್ದರಿಂದ ಅಭ್ಯರ್ಥಿಗಳು ಎರಡನ್ನೂ ಪ್ರತ್ಯೇಕವಾಗಿ ಪಡೆಯತಕ್ಕದ್ದು.